ಏಳುನೂರು ರೂಪಾಯಿಯ ಬೈಗುಳ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಚಂದ್ರಮತಿ ಮೇಡಂ. ಕಾಲೇಜಿನಲ್ಲಿ ನಮಗೆ ಅಕೌಂಟೆನ್ಸಿ ಕಲಿಸುತ್ತಿದ್ದರು. ಅವರಿಗೆ ಹೇಳಿದವರು ಅವರ ತಂದೆ. ನಲವತ್ತು ವರ್ಷ ಜವಳಿ ಅಂಗಡಿಯ ಗುಮಾಸ್ತರಾಗಿದ್ದವರು. ಅದಕ್ಕೂ ಹಿಂದೆ ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ. ಗುರುಗಳು, ಶಿಷ್ಯರು, ಆಣೆ ಲೆಕ್ಕ ಇದ್ದ ಕಾಲದಲ್ಲಿ ಗುಡ್‌ವಿಲ್ ಎಂಬ ಮಾತು ಎಲ್ಲಿಂದ ಬಂತು ಎಂದು ನಮ್ಮ ಬೆಂಚಿನಿಂದ ಒಬ್ಬಳು ಕೇಳಿದ್ದಳು. "ಅದು ಪರೀಕ್ಷೆಗೆ ಬರುವುದಿಲ್ಲ, ಸುಮ್ಮನೆ ಕೇಳು," ಎಂದಿದ್ದರು ಮೇಡಂ. ನೀವೂ ಹಾಗೇ ಕೇಳಿ.

ಶಿಷ್ಯ ಕೇಳಿದ: "ಗುರುಗಳೇ, ಗುಡ್‌ವಿಲ್ ಎಂದರೇನು?"

ಆ ಗುರುಗಳು ಲೆಕ್ಕ ಬರೆಯುವ ವಿದ್ಯೆ ಕಲಿಸುತ್ತಿದ್ದರು. ಅವರ ಬಳಿ ಹನ್ನೆರಡು ಮಂದಿ ಶಿಷ್ಯರಿದ್ದರು. ಪ್ರಶ್ನೆ ಕೇಳಿದವನು ಅವರೆಲ್ಲರಿಗಿಂತ ಚುರುಕು. ಕೂಡುವುದರಲ್ಲಿ, ಕಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಮರುದಿನ ಅವನು ಪೇಟೆಯ ದೊಡ್ಡ ಮಳಿಗೆಯೊಂದಕ್ಕೆ ಲೆಕ್ಕ ಬರೆಯಲು ಹೊರಡುವವನಿದ್ದ. ಅವನ ಎಡಕ್ಕಿದ್ದ ಚಾಪೆ ಖಾಲಿಯಿತ್ತು. ಜಾಗ ಸಿಕ್ಕಿತೆಂದು ಅವನು ತನ್ನ ಖಾತೆ ಪುಸ್ತಕಗಳನ್ನು ಅದರ ಮೇಲೆ ಹರಡಿಕೊಂಡಿದ್ದ.

"ಕಟ್ಟಡ ಆಸ್ತಿ," ಎಂದ ಶಿಷ್ಯ. "ಎತ್ತು, ಗಾಡಿ ಆಸ್ತಿ. ಇನ್ನೊಬ್ಬರಿಂದ ಬರಬೇಕಾದ ಹಣವೂ ಆಸ್ತಿ, ಒಪ್ಪಿದೆ. ಆದರೆ ಈ ಗುಡ್‌ವಿಲ್ಲನ್ನು ಮುಟ್ಟಲಾಗುವುದಿಲ್ಲ, ತೂಗಲಾಗುವುದಿಲ್ಲ. ಅಂಗಡಿ ಕೈ ಬದಲಾದಾಗ ಮಾತ್ರ ಎಲ್ಲಿಂದಲೋ ಬಂದು ಆಸ್ತಿಯ ಸಾಲಿನಲ್ಲಿ ಕೂತುಬಿಡುತ್ತದೆ. ಕಳ್ಳ ಬಂದರೆ ಏನನ್ನು ಒಯ್ಯಬೇಕು?"

ಗುರುಗಳು ಸಾಲಾಗಿ ಹಾಸಿದ್ದ ಚಾಪೆಗಳನ್ನು ಒಮ್ಮೆ ನೋಡಿದರು. ಆಮೇಲೆ ಹೇಳತೊಡಗಿದರು.

ಒಂದು ಸಂತೆಯೂರಿನಲ್ಲಿ ಒಬ್ಬ ಅಜ್ಜಿ ಪಡ್ಡಿನ ಅಂಗಡಿ ಇಟ್ಟಿದ್ದಳು. ಎಂಟು ಪಡ್ಡಿಗೆ ಒಂದು ಆಣೆ. ಚಟ್ನಿ ಕೇಳಿದಷ್ಟು. ಬೈಗುಳ ಪುಕ್ಕಟೆ.

ಅವಳ ಬಾಯಿಂದ ತಪ್ಪಿಸಿಕೊಂಡವರು ಊರಿನಲ್ಲಿರಲಿಲ್ಲ. ಗಾಡಿಯವನು ತಡವಾಗಿ ಬಂದರೆ, "ಹೊತ್ತು ನೆತ್ತಿಗೆ ಬಂದ ಮೇಲೆ ಬಂದೆಯಲ್ಲ, ನಿನ್ನ ಎತ್ತಿಗಿರುವ ಬುದ್ಧಿಯಾದರೂ ನಿನಗೆ ಬೇಡವಾ?" ಎನ್ನುವಳು. ಕಮ್ಮಾರ ಬಂದರೆ, "ಆ ಕೈಯಲ್ಲಿ ಪಡ್ಡು ಮುಟ್ಟಬೇಡ, ತೊಳಕೊಂಡು ಬಾ. ನಿಮ್ಮಮ್ಮ ಇದ್ದಿದ್ದರೆ ಬೆನ್ನಿಗೆ ಹಾಕ್ತಿದ್ದಳು," ಎನ್ನುವಳು. ಶಾನುಭೋಗರನ್ನೂ ಬಿಡುತ್ತಿರಲಿಲ್ಲ. "ಕೂತಲ್ಲೇ ಕೂತು ಹೊಟ್ಟೆಯೊಂದನ್ನ ಬೆಳೆಸಿದಿರಿ ಸ್ವಾಮಿ. ನಿಮಗೆ ಆರು ಸಾಕು," ಎಂದು ಎರಡನ್ನು ಅವರ ಎಲೆಯಿಂದಲೇ ತೆಗೆದು ಪಕ್ಕದವನ ಎಲೆಗೆ ಹಾಕುವಳು. ಶಾನುಭೋಗರು ಆರು ತಿಂದು ಎಂಟರ ಹಣ ಕೊಟ್ಟು ಹೋಗುವರು.

ಮೂಲೆಯ ಬೆಂಚಿನಲ್ಲಿ ಒಬ್ಬ ನೇಕಾರ ಕೂರುತ್ತಿದ್ದ. ಅವನ ಮುಖ ನೋಡಿ ಅಜ್ಜಿ, "ರಾತ್ರಿ ಉಂಡಿಲ್ಲ ನೀನು. ಉಂಡೆ ಅಂತ ಸುಳ್ಳು ಬೊಗಳಬೇಡ," ಎಂದು ಗದರಿ, ಒಂಬತ್ತನೆಯ ಪಡ್ಡೊಂದನ್ನು ಎಲೆಗೆ ಎಸೆಯುವಳು. ಒಂಬತ್ತನೆಯದು ಎಲ್ಲರಿಗೂ ಸಿಗುತ್ತಿರಲಿಲ್ಲ. ಯಾರಿಗೆ, ಯಾವಾಗ ಎಂಬುದಕ್ಕೆ ಲೆಕ್ಕವೂ ಇರಲಿಲ್ಲ. ಕೇಳಿ ಪಡೆದವರಂತೂ ಯಾರೂ ಇಲ್ಲ.

ಅದೇ ಊರಿನಲ್ಲಿ ಒಬ್ಬನಿದ್ದ. ಅವನು ಹೆಂಡತಿಯ ಅಣ್ಣನ ಜವಳಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಬಟ್ಟೆ ಅಳೆಯುತ್ತಿದ್ದ. ಹೆಂಡತಿಯ ಅಣ್ಣ ಗಿರಾಕಿಗಳ ಎದುರಿಗೇ ಹೇಳುತ್ತಿದ್ದ: "ನಮ್ಮ ಭಾವನ ಕೈ ಅಳತೆ ತಪ್ಪುವುದಿಲ್ಲ. ತಲೆಯ ಮಾತು ಬೇರೆ." ಗಿರಾಕಿಗಳು ನಗುತ್ತಿದ್ದರು. ಅವನೂ ನಗಬೇಕಾಗುತ್ತಿತ್ತು. ಸಂಬಳ ಅದಕ್ಕೂ ಸೇರಿಯೇ ಇತ್ತು.

ಒಂದು ದಿನ ಅವನು ತನ್ನ ಪಾಲಿಗೆ ಬಂದಿದ್ದ ಖಾಲಿ ನಿವೇಶನ ಮಾರಿದ. ಸಾವಿರ ರೂಪಾಯಿ ಬಂತು. "ನಾನಿನ್ನು ಸ್ವಂತ ವ್ಯಾಪಾರ ಮಾಡುತ್ತೇನೆ," ಎಂದು ಗಜಕೋಲನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಹೆಂಡತಿಯ ಅಣ್ಣನಿಗೆ ಸಿಟ್ಟು ಬರಲಿಲ್ಲ. ಅವನು ಗೋಡೆಗೆ ಒಂದು ಮೊಳೆ ಹೊಡೆಸಿ, ಗಜಕೋಲನ್ನು ಅದಕ್ಕೆ ತೂಗುಹಾಕಿದ.

"ಇದನ್ನು ಬೇರೆ ಯಾರಿಗೂ ಕೊಡುವುದಿಲ್ಲ ಭಾವ," ಎಂದ. "ನೀವು ಬರುವ ತನಕ ಇಲ್ಲೇ ಇರುತ್ತದೆ. ಎಷ್ಟು ತಿಂಗಳಾದೀತು? ಆರು?"

ಹನ್ನೊಂದು ವರ್ಷದಲ್ಲಿ ಅವನು ಆಡಿದ ಅತ್ಯಂತ ಮರ್ಯಾದೆಯ ಮಾತು ಅದು. ಅಂಗಡಿಯಿಂದ ಈಚೆ ಬಂದವನಿಗೆ ಒಂದೇ ಯೋಚನೆ. ಏನೇ ಆಗಲಿ, ಆ ಮೊಳೆಯ ಕೆಳಗೆ ಮತ್ತೆ ನಿಲ್ಲಬಾರದು.

ಹೀಗೆ ಅವನು ವ್ಯಾಪಾರಿಯಾದ. ವ್ಯಾಪಾರ ಯಾವುದು ಎಂಬುದೊಂದು ಬಾಕಿಯಿತ್ತು.

ಆ ಹೊತ್ತಿಗೆ ಪಡ್ಡಿನಜ್ಜಿಗೆ ಮಂಡಿನೋವು ಹೆಚ್ಚಾಗಿತ್ತು. ಕೂತರೆ ಏಳಲು ಆಗದು, ಎದ್ದರೆ ಕೂರಲು ಆಗದು. ಅಂಗಡಿ ಮಾರುತ್ತಾಳಂತೆ ಎಂಬ ಸುದ್ದಿ ಹಬ್ಬಿತು. ವ್ಯಾಪಾರಿ ಹೋಗಿ ಮೂರು ದಿನ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂತ. ಕೈಯಲ್ಲಿ ಚೀಟಿ. ಒಳಗೆ ಹೋದ ತಲೆ ಒಂದಕ್ಕೆ ಒಂದು ಗೀಟು. ಮೂರು ದಿನವೂ ಐವತ್ತರ ಆಚೀಚೆ ಬಂತು.

ಅವನು ಹೀಗೆ ಲೆಕ್ಕ ಹಾಕಿದ. ಇಷ್ಟು ಕೆಟ್ಟ ಬಾಯಿ ಇಟ್ಟುಕೊಂಡೇ ಇವಳಿಗೆ ದಿನಕ್ಕೆ ಐವತ್ತು ಜನ. ಅದೇ ಬಾಯಿಯಲ್ಲಿ ಬೆಲ್ಲವಿದ್ದರೆ ನೂರು. ಮೇಲಾಗಿ ಒಂಬತ್ತನೆಯ ಪಡ್ಡು ದಿನಕ್ಕೆ ಹದಿನಾರು ಸೋರಿಹೋಗುತ್ತಿವೆ. ಹದಿನಾರು ಪಡ್ಡು ಎಂದರೆ ಎರಡು ಆಣೆ. ವರ್ಷಕ್ಕೆ ನಲವತ್ತೈದು ರೂಪಾಯಿ. ಬೈಗುಳ ನಿಲ್ಲಿಸಬೇಕು, ಒಂಬತ್ತನೆಯದನ್ನು ನಿಲ್ಲಿಸಬೇಕು. ಇಷ್ಟು ಸುಲಭದ ಕೆಲಸ ಈ ಮುದುಕಿಗೆ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಮರುಕವೂ ಬಂತು.

ಕ್ರಯಪತ್ರ ಬರೆಯಲು ಶಾನುಭೋಗರೇ ಬಂದರು. ಪಡ್ಡಿನ ಹಂಚು ನಾಲ್ಕು. ಬೆಂಚು ಆರು. ರುಬ್ಬುವ ಕಲ್ಲು ಒಂದು. ನೀರಿನ ಹಂಡೆ, ಒಲೆ, ಚಪ್ಪರ. ಎಲ್ಲ ಕೂಡಿದರೆ ಮುನ್ನೂರು ರೂಪಾಯಿ. ಅಜ್ಜಿ ಕೇಳಿದ್ದು ಸಾವಿರ. ವ್ಯಾಪಾರಿ ಒಪ್ಪಿದ್ದೂ ಸಾವಿರ.

"ಉಳಿದ ಏಳುನೂರು ಯಾವುದಕ್ಕೆ ಅಂತ ಬರೆಯಲಿ?" ಎಂದು ಕೇಳಿದರು ಶಾನುಭೋಗರು.

"ದಿನಾ ಐವತ್ತು ಜನ ಬರುತ್ತಾರಲ್ಲ, ಅದಕ್ಕೆ," ಎಂದ ವ್ಯಾಪಾರಿ.

"ಜನರನ್ನು ಮಾರಿದ ಪತ್ರ ನಾನು ಬರೆಯುವುದಿಲ್ಲಪ್ಪ. ಅದರಲ್ಲಿ ನಾನೂ ಒಬ್ಬ." ಶಾನುಭೋಗರು ಸ್ವಲ್ಪ ಯೋಚಿಸಿ, 'ಅಂಗಡಿಯ ಹೆಸರಿನ ಬಾಬ್ತು ಏಳುನೂರು' ಎಂದು ಬರೆದರು.

ಅಜ್ಜಿ ಹೆಬ್ಬೆಟ್ಟು ಒತ್ತುವ ಮೊದಲು ಹೇಳಿದಳು: "ನೋಡಪ್ಪ, ಹಂಚು ಕೊಟ್ಟೆ, ಕಲ್ಲು ಕೊಟ್ಟೆ. ಹಿಟ್ಟಿನ ಅಳತೆಯನ್ನೂ ಹೇಳಿಕೊಡ್ತೀನಿ. ಆ ಏಳುನೂರಕ್ಕೆ ನಾನು ಏನು ಕೊಟ್ಟೆ ಅಂತ ನನಗೆ ಗೊತ್ತಿಲ್ಲ. ಆಮೇಲೆ ಬಂದು ಅದು ಸಿಗಲಿಲ್ಲ ಅನ್ನಬೇಡ."

ವ್ಯಾಪಾರಿ ನಕ್ಕ. ಮುದುಕಿಗೆ ತನ್ನ ಸರಕಿನ ಬೆಲೆಯೇ ಗೊತ್ತಿಲ್ಲ ಎಂದುಕೊಂಡ.

ಇಲ್ಲಿಗೆ ಬಂದಾಗ ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ," ಎಂದ. "ಕೊಟ್ಟದ್ದು ಸಾವಿರ, ಸರಂಜಾಮು ಮುನ್ನೂರು. ಹೆಚ್ಚಿಗೆ ಕೊಟ್ಟ ಏಳುನೂರೇ ಗುಡ್‌ವಿಲ್." ಅವನು ಲೇಖನಿ ಎತ್ತಿಕೊಂಡ.

"ಬರೆದುಕೊಳ್ಳಬೇಡ," ಎಂದರು ಗುರುಗಳು. "ಅವನಿನ್ನೂ ಒಲೆ ಹಚ್ಚಿಲ್ಲ."

ವ್ಯಾಪಾರಿ ಒಲೆ ಹಚ್ಚಿದ. ಬಾಗಿಲಲ್ಲಿ ನಿಂತು, ಜವಳಿ ಅಂಗಡಿಯಲ್ಲಿ ಕಲಿತಿದ್ದ ಮರ್ಯಾದೆಯನ್ನೆಲ್ಲ ಹೊರತೆಗೆದ. "ಬನ್ನಿ, ದಯಮಾಡಿಸಿ, ಕೂತುಕೊಳ್ಳಿ, ತಮ್ಮದೇ ಅಂಗಡಿ." ಮೊದಲ ದಿನ ಐವತ್ತೈದು ಜನ ಬಂದರು. ಎಲ್ಲರೂ ತಲೆ ತಗ್ಗಿಸಿ ತಿಂದರು. ಯಾರೂ ಮಾತಾಡಲಿಲ್ಲ. ಕೈ ತೊಳೆಯುವಾಗ ಗಾಡಿಯವನು ಮೆಲ್ಲಗೆ ಕೇಳಿದ: "ಏನ್ ಸಾಹುಕಾರ್ರೇ, ಮನೆಯಲ್ಲಿ ಯಾರಾದರೂ ತೀರಿಕೊಂಡರಾ?"

ಮರುದಿನ ಕಮ್ಮಾರ ಕೆಲಸದಿಂದ ನೇರವಾಗಿ ಬಂದ. ಮಸಿ ಹತ್ತಿದ ಎರಡು ಕೈಗಳನ್ನೂ ಮುಂದೆ ಚಾಚಿ ಬಾಗಿಲಲ್ಲಿ ನಿಂತ. ಕಾದ.

"ಪರವಾಗಿಲ್ಲ, ಬನ್ನಿ ಬನ್ನಿ," ಎಂದ ವ್ಯಾಪಾರಿ.

ಕಮ್ಮಾರ ಅವತ್ತು ಮಸಿ ಕೈಯಲ್ಲೇ ತಿಂದ. ಅದರ ಮರುದಿನ ಬರಲಿಲ್ಲ.

ಐವತ್ತೈದು ನಲವತ್ತಾಯಿತು. ನಲವತ್ತು ಇಪ್ಪತ್ತೆಂಟಾಯಿತು. ಎರಡು ತಿಂಗಳಲ್ಲಿ ಹದಿನೈದಕ್ಕೆ ಬಂತು. ಸಂಜೆಯ ಹೊತ್ತಿಗೆ ಅರ್ಧ ಹಿಟ್ಟು ಹುಳಿ ಬಂದು ಉಳಿಯುತ್ತಿತ್ತು. ಹೆಂಡತಿ ಮೂರೂ ಹೊತ್ತು ಅದರಲ್ಲೇ ಏನಾದರೂ ಮಾಡಿ ಬಡಿಸುತ್ತಿದ್ದಳು. "ನಮ್ಮಣ್ಣ ಕೇಳುತ್ತಿದ್ದ, ಹೇಗಿದ್ದಾರೆ ಭಾವ ಅಂತ," ಎಂದು ಒಂದು ದಿನ ಹೇಳಿದಳು. ಅವನು ಊಟ ಬಿಟ್ಟು ಎದ್ದ.

ರುಚಿ ಕೆಟ್ಟಿರಬೇಕು ಎಂದುಕೊಂಡು ಅವನು ಹಿಟ್ಟನ್ನು ಮತ್ತೆ ಮತ್ತೆ ಅಳೆದ. ಅಳತೆಯಲ್ಲಿ ಅವನ ಕೈ ತಪ್ಪುವುದಿಲ್ಲ. ಅಜ್ಜಿ ಹೇಳಿದಷ್ಟೇ ಅಕ್ಕಿ, ಅಷ್ಟೇ ಉದ್ದು, ಅಷ್ಟೇ ಮೆಂತ್ಯ.

ಹಾಗಾದರೆ ಒಂಬತ್ತನೆಯ ಪಡ್ಡು ನಿಲ್ಲಿಸಿದ್ದೇ ತಪ್ಪು ಎಂದು ತೀರ್ಮಾನಿಸಿದ. 'ಎಂಟಕ್ಕೆ ಒಂದು ಉಚಿತ, ಎಲ್ಲರಿಗೂ' ಎಂದು ಹಲಗೆ ಬರೆಸಿ ತೂಗುಹಾಕಿದ. ಜನ ಬಂದರು. ಒಂಬತ್ತು ತಿಂದರು. ಹತ್ತನೆಯದು ಎಲ್ಲಿ ಎಂದು ಕೇಳಿದರು.

"ಇದಕ್ಕೆ ರಿಯಾಯಿತಿ ಎನ್ನುತ್ತಾರೆ," ಎಂದ ಶಿಷ್ಯ.

"ಎನ್ನುತ್ತಾರೆ," ಎಂದರು ಗುರುಗಳು. "ಅವನಿಗೆ ಹೆಸರು ಗೊತ್ತಿರಲಿಲ್ಲ. ನಷ್ಟವೊಂದೇ ಗೊತ್ತಾಯಿತು."

ಕೊನೆಗೆ ವ್ಯಾಪಾರಿ ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವನನ್ನು ತಡೆದು ಕೇಳಿಯೇಬಿಟ್ಟ: "ನಾನೇನು ಕಮ್ಮಿ ಮಾಡಿದೆ? ಯಾಕೆ ಬರುತ್ತಿಲ್ಲ?"

ಗಾಡಿಯವನು ಎತ್ತುಗಳನ್ನು ನಿಲ್ಲಿಸಿದ. "ಸಾಹುಕಾರ್ರೇ, ಬೇಜಾರು ಮಾಡ್ಕೋಬೇಡಿ. ಹಿಂದಿನ ವಾರ ನಾಲ್ಕು ದಿನ ನಾನು ಬರಲಿಲ್ಲ. ಐದನೇ ದಿನ ಬಂದೆ. ನೀವು ಬನ್ನಿ ಬನ್ನಿ ಅಂದಿರಿ. ನಿನ್ನೆ ಬಂದವನಿಗೂ ಬನ್ನಿ, ನಾಲ್ಕು ದಿನ ಸತ್ತುಹೋಗಿದ್ದವನಿಗೂ ಬನ್ನಿ. ಅಜ್ಜಿ ಆಗಿದ್ದರೆ ನನ್ನ ಚರ್ಮ ಸುಲಿದು ಉಪ್ಪು ಹಾಕ್ತಿದ್ದಳು." ಅವನು ನಿಟ್ಟುಸಿರು ಬಿಟ್ಟ. "ಏನು ಬೈತಿದ್ದಳು ಅಂತೀರಿ."

ವ್ಯಾಪಾರಿಗೆ ಈಗ ಎಲ್ಲ ಅರ್ಥವಾಯಿತು. ಎಲ್ಲ ಅರ್ಥವಾಯಿತು ಎಂದು ಅವನಿಗೆ ಅನ್ನಿಸಿದ್ದು ಇದು ಎರಡನೆಯ ಸಲ.

ಅವನು ಶಾನುಭೋಗರ ಬಳಿಗೆ ಹೋದ. ಅಜ್ಜಿಯ ಬೈಗುಳಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಒಂದೊಂದಾಗಿ ಹೇಳಿದರು, ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ವ್ಯಾಪಾರಿ ಬರೆದುಕೊಂಡ. ಒಟ್ಟು ನಲವತ್ತು. ಒಂದೊಂದಕ್ಕೂ ಒಂದು ಸಂಖ್ಯೆ. ಎರಡು ದಿನ ಕೂತು ಉರುಹೊಡೆದ. ಮೂರನೆಯ ದಿನ ಅಂಗಡಿಯಲ್ಲಿ ಶುರುಮಾಡಿದ.

ಮೊದಲು ಬಂದವರು ಊರಿನ ಮೇಷ್ಟ್ರು. ಎರಡು ತಿಂಗಳು ಕಾಮಾಲೆಯಾಗಿ ಮಲಗಿ, ಅವತ್ತೇ ಮೊದಲ ಸಲ ಹೊರಗೆ ಕಾಲಿಟ್ಟಿದ್ದರು. ವ್ಯಾಪಾರಿ ಸಂಖ್ಯೆ ಹದಿಮೂರನ್ನು ಹೇಳಿದ: "ಕೂತಲ್ಲೇ ಕೂತು ಹೊಟ್ಟೆಯೊಂದನ್ನ ಬೆಳೆಸಿದಿರಿ ಸ್ವಾಮಿ." ಮೇಷ್ಟ್ರು ತಮ್ಮ ಹೊಟ್ಟೆ ಇದ್ದ ಜಾಗವನ್ನು ಒಮ್ಮೆ ನೋಡಿಕೊಂಡು, ಎದ್ದು ಹೋದರು.

ಆಮೇಲೆ ಗಾಣದವನು ಬಂದ. ಹಿಂದಿನ ದಿನವಷ್ಟೇ ಮಗಳ ಮದುವೆ ಮಾಡಿ ಊರಿಗೆಲ್ಲ ಊಟ ಹಾಕಿಸಿದ್ದ. ಜೊತೆಯಲ್ಲಿ ಬೀಗರಿದ್ದರು. ವ್ಯಾಪಾರಿ ಅವನ ಮುಖ ನೋಡಿ ಸಂಖ್ಯೆ ಏಳನ್ನು ಹೇಳಿದ: "ರಾತ್ರಿ ಉಂಡಿಲ್ಲ ನೀನು. ಉಂಡೆ ಅಂತ ಸುಳ್ಳು ಬೊಗಳಬೇಡ."

ಸಂಜೆಯೊಳಗೆ ಗಾಣದ ಬೀದಿಯ ಅಷ್ಟೂ ಮನೆಯವರು ಅಂಗಡಿ ಬಿಟ್ಟರು.

ವ್ಯಾಪಾರಿ ಅಜ್ಜಿಯ ಮನೆಗೆ ಓಡಿದ. "ಅಜ್ಜಿ, ನೀನೇ ಬಾ," ಎಂದ. "ಹಿಟ್ಟು ರುಬ್ಬಬೇಡ, ಪಡ್ಡು ಹಾಕಬೇಡ. ಕುರ್ಚಿ ಹಾಕಿಸುತ್ತೇನೆ. ಕೂತು ಬೈದರೆ ಸಾಕು. ದಿನಕ್ಕೆ ನಾಲ್ಕು ಆಣೆ."

"ಬೈಯೋದಕ್ಕೆ ಮಂಡಿ ಬೇಕಿಲ್ಲ," ಎಂದಳು ಅಜ್ಜಿ. "ಬರ್ತೀನಿ."

ಅಜ್ಜಿ ಬಂದಳೆಂಬ ಸುದ್ದಿಗೆ ಮೂವತ್ತೆರಡು ಜನ ಬಂದರು. ಅಜ್ಜಿ ಬೈದಳು. ವ್ಯಾಪಾರಿ ಪಕ್ಕದಲ್ಲಿ ನಿಂತು ಚೀಟಿಯಲ್ಲಿ ಗೀಟು ಹಾಕಿದ. ನಾಲ್ಕು ಆಣೆಗೆ ಮೂವತ್ತೆರಡು ಬೈಗುಳ; ಆಣೆಗೆ ಎಂಟು. ಪಡ್ಡಿನ ದರವೇ ಬಿತ್ತು ಎಂದು ಅವನಿಗೆ ಸಮಾಧಾನವಾಯಿತು. ಯಾರಿಗಾದರೂ ಬೈಯುವುದು ತಪ್ಪಿದರೆ, "ಅಜ್ಜಿ, ಆ ಬೆಂಚಿನಲ್ಲಿ ಇಬ್ಬರು ಬಾಕಿ," ಎಂದು ನೆನಪಿಸುವನು.

ಎರಡನೆಯ ದಿನ ಅಜ್ಜಿ ಎಲ್ಲರಿಗೂ ಒಂದೇ ಮಾತು ಬೈದಳು. ಮೂರನೆಯ ದಿನ ಕಮ್ಮಾರ ಬಂದ. "ಕೈ ತೊಳಕೊಂಡು ಬಾ," ಎಂದಳು.

"ತೊಳೆದೇ ಬಂದಿದ್ದೀನಿ ಅಜ್ಜಿ," ಎಂದ ಕಮ್ಮಾರ. ಎರಡೂ ಕೈಗಳನ್ನು ತೋರಿಸಿದ. "ಕೂಲಿ ಬೈಗುಳಕ್ಕೆ ಕಣ್ಣು ಬೇಡವಾ?"

ಅಜ್ಜಿ ಕುರ್ಚಿಯ ಕೈ ಹಿಡಿದು ಎದ್ದಳು. ಸೆರಗಿನ ಗಂಟು ಬಿಚ್ಚಿ, ಎರಡು ದಿನದ ಎಂಟು ಆಣೆಯನ್ನು ವ್ಯಾಪಾರಿಯ ಕೈಗೆ ಹಾಕಿದಳು.

"ತಗೋ ನಿನ್ನ ದುಡ್ಡು. ಇದನ್ನ ಇಸಕೊಂಡಾಗಿನಿಂದ ನನಗೆ ಯಾರ ಮೇಲೂ ಸಿಟ್ಟೇ ಬರ್ತಾ ಇಲ್ಲ."

"ಹಾಗಾದರೆ ನನ್ನ ಏಳುನೂರು?" ಎಂದ ವ್ಯಾಪಾರಿ. "ಮಾರಿದ ಮೇಲೆ ಅದನ್ನು ನನಗೆ ಕೊಡಬೇಕಲ್ಲವಾ ಅಜ್ಜಿ? ನಾನು ಮತ್ತೆ ಆ ಅಂಗಡಿಗೆ ಹೋಗಿ ಗಜಕೋಲು ಹಿಡಿಯಲಾ?"

"ಕೊಡಬಾರದು ಅಂತ ಇಟ್ಟುಕೊಂಡಿದ್ದೀನಾ?" ಎಂದಳು ಅಜ್ಜಿ. "ಒಂದು ಕೇಳ್ತೀನಿ, ಹೇಳು. ಮೊನ್ನೆಯಿಂದ ಗೀಟು ಹಾಕ್ತಿದ್ದೀಯಲ್ಲ, ಯಾರು ಬಂದಿಲ್ಲ?"

ವ್ಯಾಪಾರಿ ಚೀಟಿ ನೋಡಿದ. ಅದರಲ್ಲಿ ಬಂದವರ ಲೆಕ್ಕವಿತ್ತು. ಬಾರದವರನ್ನು ಬರೆಯಲು ಜಾಗವಿರಲಿಲ್ಲ.

"ಮೂಲೆ ಬೆಂಚಿನ ನೇಕಾರ," ಎಂದಳು ಅಜ್ಜಿ. "ಎಂಟು ದಿನದಿಂದ ಬಂದಿಲ್ಲವಂತೆ. ನಾನು ಇಷ್ಟು ಹೊತ್ತಿಗೆ ಅವನ ಬಾಗಿಲಲ್ಲಿ ಇರ್ತಿದ್ದೆ. ನನಗೆ ಮಂಡಿ ಇಲ್ಲ. ನಿನಗಿದೆ."

ಅವಳು ಕೋಲೂರಿಕೊಂಡು ಹೊರಟುಹೋದಳು. ಬಂದಿದ್ದ ಜನವೂ ಒಬ್ಬೊಬ್ಬರಾಗಿ ಎದ್ದರು.

ಆಗ ಅಂಗಡಿಗೆ ಹೆಂಡತಿಯ ಅಣ್ಣ ಬಂದ. ಅಂಗಡಿ ತೆರೆದ ಮೇಲೆ ಅವನು ಬಂದಿದ್ದು ಅದೇ ಮೊದಲು. ಆರೂ ಬೆಂಚು ಖಾಲಿಯಿದ್ದವು. ಅವನು ಯಾವುದರಲ್ಲಿ ಕೂರಲಿ ಎಂದು ಆರಿಸಿ ಆರಿಸಿ ಕೂತ. ಎಂಟು ಪಡ್ಡು ತಿಂದ. "ಚೆನ್ನಾಗಿದೆ ಭಾವ," ಎಂದ. "ಗಜಕೋಲು ಧೂಳು ಹಿಡಿದಿತ್ತು. ನಿನ್ನೆ ಎಣ್ಣೆ ಹಚ್ಚಿಸಿದೆ." ಒಂದು ಆಣೆ ಇಟ್ಟು ಹೋದ.

ವ್ಯಾಪಾರಿ ಎಂಟು ಪಡ್ಡನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು, ಬಾಗಿಲೆಳೆದುಕೊಂಡು ನೇಕಾರರ ಬೀದಿಗೆ ಹೊರಟ. ಅವನಿಗೇನೂ ಅರ್ಥವಾಗಿರಲಿಲ್ಲ. ಹಿಟ್ಟು ಹೇಗೂ ಹುಳಿ ಬರುತ್ತದೆ, ಅಷ್ಟೇ.

ಬೀದಿಯ ಮೊದಲ ಮನೆಯಲ್ಲಿ ಒಬ್ಬಳು ಹೆಂಗಸು ನೂಲು ಸುತ್ತುತ್ತಿದ್ದಳು.

"ಯಾರು ಬೇಕಾಗಿತ್ತು?" ಎಂದಳು.

"ಒಬ್ಬ ನೇಕಾರರು."

"ಇಡೀ ಬೀದಿಯೇ ನೇಕಾರರದು. ಹೆಸರೇನು?"

"ಗೊತ್ತಿಲ್ಲ."

"ಮನೆತನ?"

"ಗೊತ್ತಿಲ್ಲ."

"ಮತ್ತೆ ಏನು ಗೊತ್ತಪ್ಪ ನಿನಗೆ?"

ವ್ಯಾಪಾರಿ ಯೋಚಿಸಿದ. "ಮೂಲೆಯಲ್ಲಿ ಕೂರುತ್ತಾರೆ. ಚಟ್ನಿ ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಕೊನೆಯ ಪಡ್ಡನ್ನು ತಿನ್ನುವ ಮೊದಲು ಒಂದು ಸಲ ನೋಡುತ್ತಾರೆ."

ಹೆಂಗಸು ನೂಲು ಬಿಟ್ಟಳು. "ಗಾದಿಲಿಂಗಪ್ಪನಾ? ಮಗ್ಗದ ಗುಂಡಿಯಲ್ಲಿ ಕಾಲು ಸಿಕ್ಕು ಬಿದ್ದು ಎಂಟು ದಿನವಾಯ್ತು. ಆ ಕೊನೇ ಮನೆ. ನಾವೇ ಗಂಜಿ ಕೊಡ್ತಾ ಇದ್ದೀವಿ."

ಕೊನೆಯ ಮನೆಯಲ್ಲಿ ಗಾದಿಲಿಂಗಪ್ಪ ಒಬ್ಬನೇ ಮಲಗಿದ್ದ. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿತ್ತು. ಒಲೆಯಲ್ಲಿ ಬೂದಿಯೂ ತಣ್ಣಗಾಗಿತ್ತು. ವ್ಯಾಪಾರಿ ಬಾಗಿಲಲ್ಲಿ ನಿಂತ. ಬಿಸಿಲಲ್ಲಿ ಮೂರು ಬೀದಿ ನಡೆದಿದ್ದ. ಅಂಗಡಿ ಮುಳುಗುತ್ತಿತ್ತು. ಮೂರು ತಿಂಗಳು ದಿನಾ ಬಡಿಸಿದವನ ಹೆಸರು ಗೊತ್ತಿಲ್ಲದೆ ಒಬ್ಬ ಹೆಂಗಸಿನ ಎದುರು ತಲೆ ತಗ್ಗಿಸಿ ಬಂದಿದ್ದ. ಅವನಿಗೆ ಎಲ್ಲಿಂದಲೋ ಸಿಟ್ಟು ಬಂತು.

"ಎಂಟು ದಿನ," ಎಂದ. "ಎಂಟು ದಿನ ಮಾರಾಯ. ಒಂದು ಮಾತು ಹೇಳಿ ಕಳಿಸೋದಕ್ಕೆ ಬಾಯಿಗೇನಾಗಿತ್ತು ನಿನಗೆ? ಮುರಿದದ್ದು ಕಾಲು ತಾನೆ?"

ಇದು ಆ ನಲವತ್ತರಲ್ಲಿ ಇರಲಿಲ್ಲ.

ಗಾದಿಲಿಂಗಪ್ಪ ಅವನನ್ನೇ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಸಡಿಲಾಯಿತು. ಎದ್ದು ಗೋಡೆಗೆ ಒರಗಿ ಕೂತು ಎಲೆ ಬಿಚ್ಚಿದ. ಎಂಟನ್ನೂ ತಿಂದ. ಎಲೆಯನ್ನು ಮಗುಚಿ ನೋಡಿದ.

"ಒಂಬತ್ತನೇದು?" ಎಂದ.

"ನಾಳೆ," ಎಂದ ವ್ಯಾಪಾರಿ. "ಇವತ್ತು ಬೈಯೋದೇ ಆಯ್ತಲ್ಲ."

ಮರುದಿನ ಒಂಬತ್ತು ಒಯ್ದ. ಹದಿನೈದು ದಿನ ಹಾಗೇ ಒಯ್ದ. ಹೋಗುವಾಗ ಬರುವಾಗ ಬೀದಿಯವರು ಮಾತಾಡಿಸಿದರು. ಮಾತಾಡಿಸಿದವರ ಹೆಸರು ಕೇಳಿಕೊಂಡ. ಬರೆದುಕೊಳ್ಳಲು ಚೀಟಿ ಒಯ್ದಿರಲಿಲ್ಲ, ಹಾಗಾಗಿ ನೆನಪಿಟ್ಟುಕೊಳ್ಳಬೇಕಾಯಿತು.

ಹದಿನಾರನೆಯ ದಿನ ಗಾದಿಲಿಂಗಪ್ಪ ಕೋಲೂರಿಕೊಂಡು ಅಂಗಡಿಗೇ ಬಂದ. ಜೊತೆಗೆ ಅವನ ಬೀದಿಯ ಇಬ್ಬರಿದ್ದರು. ವ್ಯಾಪಾರಿ ಬನ್ನಿ ಎನ್ನಲಿಲ್ಲ. "ನಿಧಾನ," ಎಂದ. "ಆ ಕಾಲು ಇನ್ನೊಂದು ಸಲ ಮುರಿದರೆ ನಾನಂತೂ ಮನೆಗೆ ಬರೋದಿಲ್ಲ."

ಪಕ್ಕದ ಬೆಂಚಿನಲ್ಲಿ ಗಾಡಿಯವನಿದ್ದ. ಅವನು ಪಡ್ಡನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡ. ಆಮೇಲೆ, ಯಾರಿಗೋ ಹೇಳುವಂತೆ, "ಈ ವಾರ ನಾನೂ ಮೂರು ದಿನ ಬಂದಿರಲಿಲ್ಲ," ಎಂದ.

"ಗೊತ್ತು," ಎಂದ ವ್ಯಾಪಾರಿ. "ನಿನ್ನ ಎಡಗಡೆ ಎತ್ತಿಗೆ ಮೈ ಸರಿಯಿರಲಿಲ್ಲ. ಎತ್ತು ಮೇವು ಬಿಟ್ಟರೆ ಜೊತೆಗೆ ನೀನೂ ಬಿಡಬೇಕಾ? ಅದಕ್ಕಾದರೂ ಔಷಧ ಇದೆ."

ಗಾಡಿಯವನು ತಲೆ ತಗ್ಗಿಸಿ ತಿಂದ. ಅವತ್ತು ಅವನು ಎರಡನೆಯ ಎಲೆ ಹಾಕಿಸಿಕೊಂಡ. ಮರುದಿನ ಕಮ್ಮಾರನನ್ನು ಕರೆತಂದ. ಕಮ್ಮಾರ ಮಸಿ ಕೈ ಚಾಚಿ ಬಾಗಿಲಲ್ಲಿ ನಿಂತ. ವ್ಯಾಪಾರಿ ಹೇಳಬೇಕಾದ್ದನ್ನು ಹೇಳಿದ. ಕಮ್ಮಾರ ಹಂಡೆಯ ಕಡೆಗೆ ನಡೆದ.

ವರ್ಷ ತುಂಬುವ ಹೊತ್ತಿಗೆ ಮತ್ತೆ ಐವತ್ತು ಜನ ಆದರು. ಗಾಣದ ಬೀದಿಯವರು ಬರಲು ಇನ್ನೊಂದು ಮದುವೆಯಾಗಬೇಕಾಯಿತು. ಆ ಮದುವೆಯಲ್ಲಿ ವ್ಯಾಪಾರಿ ನೀರು ಹೊತ್ತ. ನೂರು ಮಾತ್ರ ಎಂದೂ ಆಗಲಿಲ್ಲ. ಐವತ್ತಕ್ಕಿಂತ ಹೆಚ್ಚು ಜನರ ಮೇಲೆ ಒಬ್ಬ ಮನುಷ್ಯ ನಿಜವಾಗಿ ಸಿಟ್ಟು ಮಾಡಿಕೊಳ್ಳಲಾರ.

ಹೆಂಡತಿಯ ಅಣ್ಣ ದಿನವೂ ಬರುತ್ತಿದ್ದ. ಅಂಗಡಿ ಯಾವತ್ತು ಮುಚ್ಚುತ್ತದೆ ಎಂದು ನೋಡಲು ಶುರುಮಾಡಿದವನಿಗೆ ಅದೇ ಅಭ್ಯಾಸವಾಗಿತ್ತು. ಒಮ್ಮೆ ಅವನು ಎರಡು ದಿನ ಬರಲಿಲ್ಲ. ಮೂರನೆಯ ದಿನ ವ್ಯಾಪಾರಿ ಒಲೆಯನ್ನು ಹೆಂಡತಿಗೆ ಒಪ್ಪಿಸಿ ಜವಳಿ ಅಂಗಡಿಗೆ ನಡೆದ. ಅಣ್ಣನ ದವಡೆ ಊದಿತ್ತು. ತಲೆಗೆ ಪಂಚೆ ಸುತ್ತಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. ಎದುರಿಗೆ ಗಿರಾಕಿಗಳಿದ್ದರು.

"ಮೂರು ದಿನದಿಂದ ಹಲ್ಲು ನೋವು ಇಟ್ಟುಕೊಂಡು ಹೀಗೆ ಕೂತಿದ್ದೀಯಲ್ಲ ಭಾವ," ಎಂದ ವ್ಯಾಪಾರಿ. "ಬೇರೆಯವರ ಅಂಗಡಿ ಮುಚ್ಚುವುದನ್ನು ಕಾಯುವುದಕ್ಕೆ ಆಗುತ್ತೆ, ಒಂದು ಹಲ್ಲು ಕೀಳಿಸುವುದಕ್ಕೆ ಧೈರ್ಯವಿಲ್ಲ. ಏಳು."

ಗಿರಾಕಿಗಳು ನಕ್ಕರು. ಅಣ್ಣನೂ, ಆ ದವಡೆಯಲ್ಲಿ ಎಷ್ಟು ಆಗುತ್ತದೋ ಅಷ್ಟು ನಕ್ಕ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಅವನು ಗೋಡೆಯಿಂದ ಗಜಕೋಲನ್ನು ತೆಗೆದು, ಬಟ್ಟೆ ಅಳೆಯುತ್ತಿದ್ದ ಬೇರೆಯವನ ಕೈಗೆ ಕೊಟ್ಟ. ಮೊಳೆಯನ್ನೂ ಕೀಳಿಸಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಬಹಳ ಹೊತ್ತು ಲೆಕ್ಕ ಹಾಕಿದ. ಅವನ ತುಟಿಗಳು ಅಲುಗುತ್ತಿದ್ದವು.

"ಗುರುಗಳೇ, ಒಂದು ಉಳಿಯಿತು," ಎಂದ. "ಏಳುನೂರು ಕೊಟ್ಟ ದಿನ ಅವನಿಗೆ ಏನೂ ಸಿಗಲಿಲ್ಲ. ಸಿಕ್ಕಿದ್ದು ಆಮೇಲೆ, ಅದೂ ಅವನೇ ನಡೆದು ಗಳಿಸಿದ್ದು. ಹಾಗಾದರೆ ಅಜ್ಜಿಗೆ ಕೊಟ್ಟ ಏಳುನೂರನ್ನು ಎಲ್ಲಿ ಬರೆಯಬೇಕು? ಆಸ್ತಿಯ ಕಡೆಗೋ, ನಷ್ಟದ ಕಡೆಗೋ? ನಾಳೆ ಆ ಮಳಿಗೆಯಲ್ಲಿ ನನ್ನನ್ನು ಇದನ್ನೇ ಕೇಳಿದರೆ ಏನು ಹೇಳಲಿ?"

ಅವನು ಎಡಕ್ಕೆ ಕೈಚಾಚಿ ಚಾಪೆಯ ಮೇಲಿದ್ದ ಖಾತೆ ಪುಸ್ತಕವನ್ನು ಎತ್ತಿಕೊಂಡ. ಹಾಳೆ ಬಿಡಿಸಿದ. ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಕಾದ.

ಗುರುಗಳು ಕೇಳಿದರು: "ಮೂರು ದಿನದಿಂದ ನೀನು ಪುಸ್ತಕ ಇಡುತ್ತಿರುವ ಆ ಚಾಪೆ ಯಾರದು?"

ಲೇಖನಿಯ ತುದಿಯಲ್ಲಿ ಶಾಯಿ ಒಣಗಿತು.

ಮೇಡಂ ಕತೆಯನ್ನು ಇಲ್ಲಿಗೇ ಬಿಟ್ಟು ಹಾಜರಿ ಪುಸ್ತಕ ಮುಚ್ಚಿದರು. ಗುಡ್‌ವಿಲ್ಲಿನ ಲೆಕ್ಕ ಬೋರ್ಡಿನ ಮೇಲೆ ಅರ್ಧಕ್ಕೇ ಇತ್ತು. "ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿ," ಎಂದರು. "ಇವತ್ತು ಕ್ಲಾಸಿಗೆ ಬಾರದವರಿಂದ ಶುರುಮಾಡಿ." ನೀವೂ ಹಾಗೇ ಮಾಡಿ.